ಮುಳುಗಿದ ಮನೆ, ಮರೆಯಬಾರದ ಕೈಗಳು



ಬೀಳಗಿ ತಾಲ್ಲೂಕಿನ ಅನಗವಾಡಿಯ ಬಳಿ ಘಟಪ್ರಭಾ ನದಿಯ ಸೇತುವೆ ದಾಟುವವರಿಗೆ, ಆಲಮಟ್ಟಿ ಜಲಾಶಯ ತುಂಬಿದಾಗ, ಎರಡೂ ಕಡೆ ನೀರೇ ನೀರು. ನೋಡಲು ಬಲು ಸುಂದರ. ಆದರೆ ಆ ಹಿನ್ನೀರಿನ ಒಡಲಲ್ಲಿ ಜನ ಉತ್ತು ಬಿತ್ತಿದ ಹೊಲಗಳಿವೆ, ತೊಟ್ಟಿಲು ಕಟ್ಟಿದ ಮನೆಗಳ ಪಾಯಗಳಿವೆ. ಬಾಗಲಕೋಟೆ ಪಟ್ಟಣದ ಒಂದು ಭಾಗವೇ ಮುಳುಗಿ, ಜನ ನವನಗರಕ್ಕೆ ಬದುಕು ಸಾಗಿಸಬೇಕಾಯಿತು.

ಮುಳುಗಡೆಯ ಈ ನೋವನ್ನು ಒಂದು ಕುಟುಂಬದ ಕಥೆಯಾಗಿ ತೋರಿಸಿದ ಚಲನಚಿತ್ರ ಗಿರೀಶ್ ಕಾಸರವಳ್ಳಿಯವರ 'ದ್ವೀಪ'. 2001ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಇದಕ್ಕೆ ಆಧಾರ ನಮ್ಮ ಕ್ರೈಸ್ತ ಸಮುದಾಯದಲ್ಲೇ ಹುಟ್ಟಿ ಬೆಳೆದ ಸಾಗರದ ನಾ. ಡಿಸೋಜಾ ಅವರ ಕಾದಂಬರಿ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಶರಾವತಿ ಕಣಿವೆಯ ಜನ ಮನೆಮಠ ಕಳೆದುಕೊಂಡದ್ದನ್ನು ಹತ್ತಿರದಿಂದ ಬಲ್ಲವರು. 2025ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು.

ಚಿತ್ರದಲ್ಲಿ ಊರವರೆಲ್ಲ ಪರಿಹಾರ ಪಡೆದು ಹೊರಟುಹೋಗುತ್ತಾರೆ. ಗುಡ್ಡದ ದೇವರ ಪೂಜೆ ನಂಬಿ ಬದುಕಿದ ಒಂದು ಮನೆ ಮಾತ್ರ ಉಳಿಯುತ್ತದೆ. ಮಳೆ ಸುರಿಯುತ್ತದೆ, ನೀರು ಏರುತ್ತದೆ. ಗಂಡ ಧೈರ್ಯಗುಂದಿದಾಗ ಮನೆಯನ್ನು ಹಿಡಿದು ನಿಲ್ಲಿಸುವವಳು ಸೊಸೆ ನಾಗಿ. ಕೊನೆಗೆ ಅಪಾಯ ಕಳೆಯುತ್ತದೆ. ಆಗ ಗಂಡ ಎಲ್ಲವೂ ದೇವರ ದಯೆ ಎನ್ನುತ್ತಾನೆ. ನಾಗಿಯ ಶ್ರಮ ಅವನ ಲೆಕ್ಕಕ್ಕೇ ಬರುವುದಿಲ್ಲ.

ಪ್ರಿಯರೇ, ಇಲ್ಲಿ ನಾವು ತಡೆದು ನಿಲ್ಲಬೇಕು. ದೇವರಿಗೆ ಸ್ತೋತ್ರ ಹೇಳುವುದು ಸರಿಯೇ. ಆದರೆ ದೇವರು ಯಾರ ಕೈಗಳಿಂದ ನಮ್ಮನ್ನು ಕಾಪಾಡಿದರೋ ಆ ಕೈಗಳನ್ನು ಮರೆತರೆ ಅದು ಅರ್ಧ ಭಕ್ತಿ.

ಇಂಥ ಅರ್ಧ ಭಕ್ತಿ ನಮ್ಮಲ್ಲೂ ಇದೆ. ಆಲಮಟ್ಟಿಯ ನೀರು ಬರಡು ಹೊಲಗಳನ್ನು ಹಸಿರಾಗಿಸಿದೆ. ಅಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಬೆಳೆಗಾಗಿ, ಬೆಳಕಿಗಾಗಿ ದೇವರನ್ನು ವಂದಿಸುತ್ತೇವೆ. ಅದಕ್ಕಾಗಿ ಮನೆ ಬಿಟ್ಟವರನ್ನು ನೆನೆಯುತ್ತೇವೆಯೇ? ಈಗ ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆಯಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ತೀರ್ಮಾನಿಸಿತು. ನ್ಯಾಯವಾದ ಪರಿಹಾರ ಸಿಗಲೇಬೇಕು, ಸಕಾಲಕ್ಕೆ ಸಿಗಬೇಕು. ಆದರೆ ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಒಟ್ಟಿಗೆ ಉಂಡೇಳುವ ಆ ಹೊಲಕ್ಕೆ ಯಾವ ಅಧಿಕಾರಿ ಬೆಲೆ ಕಟ್ಟಿಯಾನು?

ಪವಿತ್ರ ಗ್ರಂಥದ ನಾಬೋತನಿಗೆ ಇದು ತಿಳಿದಿತ್ತು. ಅರಸ ಅಹಾಬನು ಇನ್ನೂ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡುವೆನೆಂದರೂ ಅವನು ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಬಿಡಲಿಲ್ಲ. ಅದು ಹಿರಿಯರು ನಂಬಿ ಒಪ್ಪಿಸಿದ ಸ್ವತ್ತು. ಅಣೆಕಟ್ಟು ಅಹಾಬನ ಸ್ವಾರ್ಥದಂಥದ್ದಲ್ಲ, ಅದರಿಂದ ಅನೇಕರಿಗೆ ಅನ್ನವಿದೆ. ಆದ್ದರಿಂದಲೇ ಅನ್ನ ಉಣ್ಣುವವರ ಋಣ ದೊಡ್ಡದು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ಪರಿಪತ್ರದಲ್ಲಿ ಪ್ರಕೃತಿಯ ಜೊತೆಗೆ ಜನರ ಸಂಸ್ಕೃತಿಯನ್ನೂ ಕಾಪಾಡಬೇಕೆಂದು ಬೋಧಿಸಿದರು. ಈ ಪಾಠದ ಮೊದಲ ಶಾಲೆ ಕುಟುಂಬವೆಂದು ತೋರಿಸಿದರು.

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಈ ಶಾಲೆ ಹಿಂದಿನಿಂದಲೂ ನಡೆದುಬಂದಿದೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದ ತೆನೆಹಬ್ಬದಲ್ಲಿ, ಮಕ್ಕಳು ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. ದೂರದಲ್ಲಿರುವವರ ಪಾಲನ್ನೂ ಎತ್ತಿಡುತ್ತಾರೆ.

ಈ ವಾರ ರಾತ್ರಿಯ ಜಪಸರದ ನಂತರ ಟಿವಿ ಹಚ್ಚುವ ಮುನ್ನ ಅಜ್ಜಿಯನ್ನೋ ಅಪ್ಪನನ್ನೋ ಕೇಳಿರಿ: ನಮ್ಮ ಹೊಲವನ್ನು ಮೊದಲು ಹಸನು ಮಾಡಿದವರು ಯಾರು? ಬಾವಿ ತೋಡಿದವರು ಯಾರು? ಅವರ ಹೆಸರು ಹಿಡಿದು ಪ್ರಾರ್ಥಿಸಿರಿ. ಮುಳುಗಡೆಯ ಕುಟುಂಬವೊಂದು ನಿಮ್ಮ ನೆರೆಯಲ್ಲಿದ್ದರೆ ಅವರ ಮನೆಗೆ ಹೋಗಿ, ಅವರ ಊರಿನ ಕಥೆ ಕೇಳಿರಿ. ಹಾಗೆಯೇ, ಇಂದು ನಿಮಗೆ ಊಟ ಬಡಿಸಿದ ಕೈಗಳಿಗೆ ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಹೇಳಿರಿ. ದೇವರಿಗೆ ಸಲ್ಲಿಸುವ ಸ್ತೋತ್ರ ಆಗ ಪೂರ್ಣವಾಗುತ್ತದೆ.

ಪ್ರಭು ಯೇಸು ನಿಮ್ಮ ಮನೆಗಳನ್ನೂ ಮನೆ ಕಳೆದುಕೊಂಡವರನ್ನೂ ಹರಸಲಿ.