ಹೋಗಿ ಬರ್ತೀನಿ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವಂತಿಲ್ಲ. ಬಾಯಿ ತಪ್ಪಿ ಅಂದರೂ ಹಿರಿಯರು ಗದರುತ್ತಾರೆ: ‘ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನು.’ ಅಂಗಡಿಗೆ ಹೊರಟವರೂ ಗಂಡನ ಮನೆಗೆ ಹೊರಟವಳೂ ಹೇಳುವುದು ಅದೇ ಮಾತನ್ನು. ಮದುವೆಯಾಗಿ ಹುಲಿಕೆರೆಯಿಂದ ಹೊರಟ ದಿನ ನಾನೂ ಅದನ್ನೇ ಹೇಳಿದ್ದೆ. ಇನ್ನು ಆ ಮನೆಯಲ್ಲಿ ನನ್ನ ವಾಸವಿಲ್ಲವೆಂದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅದನ್ನು ಯಾರೂ ಸುಳ್ಳು ಎನ್ನಲಿಲ್ಲ.

ಈ ಹಳೆಯ ಮಾತು ಮತ್ತೆ ನನ್ನನ್ನು ಕಾಡತೊಡಗಿದ್ದು 2023ರ ಬೇಸಿಗೆಯಲ್ಲಿ, ಒಂದು ವೀಸಾದ ದೆಸೆಯಿಂದ. ರಜೆಗೆ ತವರಿಗೆ ಹೋಗಿದ್ದೆ. ಪಕ್ಕದ ಮನೆಯ ಹುಡುಗಿ, ಹೈಸ್ಕೂಲಿನಲ್ಲಿ ನನ್ನ ಬಳಿಯೇ ಇಂಗ್ಲಿಷ್ ಕಲಿತವಳು, ಎಂಜಿನಿಯರಿಂಗ್ ಮುಗಿಸಿ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್.ಗೆ ಸೀಟು ಪಡೆದಿದ್ದಳು. ವಿಶ್ವವಿದ್ಯಾಲಯದಿಂದ ಐ-20 ಪತ್ರ ಬಂದಿತ್ತು. ಸೆವಿಸ್ ಎಂಬ ಶುಲ್ಕಕ್ಕೆ 350 ಡಾಲರ್ ಕಟ್ಟಿಯಾಗಿತ್ತು. ಓದಿನ ಖರ್ಚಿಗೆ ಹಣವಿದೆಯೆಂದು ಬ್ಯಾಂಕಿನ ಕಾಗದ ತೋರಿಸಬೇಕಲ್ಲ, ಅದಕ್ಕಾಗಿ ಅಪ್ಪ ತೆಂಗಿನ ತೋಟವನ್ನು ಅಡವಿಟ್ಟು ಸಾಲ ಮಾಡಿದ್ದರು. ಇನ್ನು ಉಳಿದದ್ದು ಚೆನ್ನೈನಲ್ಲಿ ಸಂದರ್ಶನ. ‘ಮಿಸ್, ನೀವೇ ಆಫೀಸರ್ ಆಗಿ ಒಂದು ಸಲ ಕೇಳಿ’ ಎಂದು ಏಜೆನ್ಸಿಯವರು ಕೊಟ್ಟ ಪ್ರಶ್ನೋತ್ತರದ ಹಾಳೆ ಹಿಡಿದು ಬಂದಳು.

ಅವರ ಜಗುಲಿಯ ಮೇಲೆ ಕೂತು ಕೇಳಿದೆ. ಒಂದೊಂದಕ್ಕೂ ಚೆನ್ನಾಗಿಯೇ ಉತ್ತರಿಸಿದಳು. ‘ಓದು ಮುಗಿದ ಮೇಲೆ ಏನು ಮಾಡುತ್ತೀಯ?’ ಎಂದಾಗ, ತಾನು ಒಬ್ಬಳೇ ಮಗಳು, ತಂದೆತಾಯಿಯನ್ನು ನೋಡಿಕೊಳ್ಳಬೇಕು, ಖಂಡಿತ ಹಿಂದಿರುಗಿ ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಗಿಳಿಪಾಠದ ಹಾಗೆ ಒಪ್ಪಿಸಿದಳು. ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವಳ ತಾಯಿ, ‘ಏನಂದ್ಲಕ್ಕ?’ ಎಂದರು. ನಾನು ಕನ್ನಡದಲ್ಲಿ ಹೇಳಿದೆ.

ಅವರ ಕೈ ಅಲ್ಲೇ ನಿಂತಿತು. ‘ಬತ್ತಾಳಂತಾ? ನನ್ನತ್ರ ಒಂದಿನಾನೂ ಹಿಂಗಂದಿರ್ಲಿಲ್ಲ ನೋಡಿ’ ಎಂದವರೇ ಕಾಫಿ ಮಾಡಲು ಎದ್ದುಹೋದರು. ಹುಡುಗಿ ತಲೆ ತಗ್ಗಿಸಿದಳು. ನಾನು ಏನೂ ಹೇಳದೆ ಆ ಕಾಫಿಯನ್ನು ಕುಡಿದೆ.

ಸಂಜೆ ಇಬ್ಬರೂ ಹೊಯ್ಸಳರ ಕಾಲದ ಕೊಳದ ಕಡೆ ಹೋದೆವು. ಮೆಟ್ಟಿಲ ಮೇಲೆ ಕೂತಾಗ ಅವಳೇ ಬಾಯಿಬಿಟ್ಟಳು. ‘ಮಿಸ್, ಅದು ಏಜೆನ್ಸಿಯವರು ಬರೆದುಕೊಟ್ಟ ಉತ್ತರ. ಸಾಲ ತೀರಿಸಬೇಕು ಅಂದರೆ ಮೂರು ನಾಲ್ಕು ವರ್ಷ ಅಲ್ಲೇ ದುಡೀಬೇಕು. ಆಮೇಲಿಂದು ನನಗೆ ಗೊತ್ತಿಲ್ಲ.’

ಅಮೆರಿಕದವರು ಆ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. 1952ರ ಅವರ ವಲಸೆ ಕಾಯಿದೆಯ ಪ್ರಕಾರ, ವೀಸಾ ಕೇಳಲು ಬಂದವರು ಅಲ್ಲೇ ನೆಲೆಸಲು ಬಂದವರೆಂದೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ, ಊರಿನ ಮನೆಯನ್ನು ಬಿಡುವ ಉದ್ದೇಶ ನನಗಿಲ್ಲ ಎಂದು ವಿದ್ಯಾರ್ಥಿಯೇ ಮನಗಾಣಿಸಬೇಕು. ಆದರೆ ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡಲು ಅನುಮತಿ ಕೊಡುವವರೂ, ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೆರಡು ವರ್ಷ ಸೇರಿಸುವವರೂ ಅವರೇ. ಆಸ್ಟ್ರೇಲಿಯಾದವರು ಇಂಥದೇ ನಿಯಮವನ್ನು 2024ರ ಮಾರ್ಚ್‌ನಲ್ಲಿ ಕೈಬಿಟ್ಟು, ನಿಜವಾಗಿ ಓದಲು ಬರುತ್ತಿದ್ದಾನೆಯೇ ಎಂಬುದನ್ನಷ್ಟೇ ನೋಡುವ ನಿಯಮ ತಂದರು. ಕೇಳುವವರ ಪ್ರಶ್ನೆಯೇ ಸೊಟ್ಟಗಿದ್ದರೆ ಉತ್ತರ ನೆಟ್ಟಗಿರುವುದು ಕಷ್ಟ, ನಿಜ. ಹಾಗೆಂದು ಸುಳ್ಳಿನ ಹೊಣೆಯೆಲ್ಲ ಅವರದೇ ಎಂದುಬಿಡಲು ನನಗೆ ಮನಸ್ಸು ಬರಲಿಲ್ಲ.

ಹಿಂದೆ ಹೋದವರು ಬರಲಿಲ್ಲವೇ ಎಂದು ನೀವು ಕೇಳಬಹುದು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗು ಹತ್ತಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಈ ಕಥೆಯನ್ನು ನಾನು ಎಷ್ಟೋ ಹೆಣ್ಣುಮಕ್ಕಳಿಗೆ ಹೇಳಿದ್ದೇನೆ. ಆದರೆ ಅವರನ್ನು ಕಳಿಸಿದ್ದು ಸರ್ಕಾರದ ಹಣ. ಈ ಹುಡುಗಿಯನ್ನು ಕಳಿಸುತ್ತಿರುವುದು ಅಪ್ಪನ ತೋಟ. ಬೇಗ ಹಿಂದಿರುಗಿದರೆ ತೋಟ ಹೋಗುತ್ತದೆ, ಅಲ್ಲೇ ಉಳಿದರೆ ಮಗಳೇ ದೂರವಾಗುತ್ತಾಳೆ.

ಪುಣ್ಯಕೋಟಿಯ ಕಥೆಯನ್ನೂ ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಹಸು ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಮರಳಿತು. ಆದರೆ ತಾನು ಯಾವುದಕ್ಕೆ ಮಾತು ಕೊಡುತ್ತಿದ್ದೇನೆಂದು ಅದಕ್ಕೆ ಗೊತ್ತಿತ್ತು, ಮಾತಿನ ಅವಧಿಯೂ ಕರುವಿಗೆ ಹಾಲೂಡಿಸಿ ಬರುವಷ್ಟೇ. ಇಪ್ಪತ್ತೆರಡರ ಹುಡುಗಿ ತನ್ನ ಮೂವತ್ತನೆಯ ವಯಸ್ಸಿನ ಪರವಾಗಿ ಮಾತು ಕೊಡುವುದು ಹೇಗೆ?

‘ಇವತ್ತು ನಿನ್ನ ಮನಸ್ಸಿನಲ್ಲಿ ಏನಿದೆ?’ ಎಂದು ಕೇಳಿದೆ.

‘ಬರಬೇಕು ಅಂತಲೇ ಇದೆ ಮಿಸ್. ಆದರೆ ಅದು ಆಣೆ ಅಲ್ಲ.’

‘ಹಾಗಾದರೆ ಆ ಹಾಳೆ ಬಿಡು. ಆಫೀಸರ್ ಕೇಳೋದು ಇವತ್ತಿನ ಉದ್ದೇಶ. ಇರೋದನ್ನ ನಿನ್ನ ಮಾತಿನಲ್ಲೇ ಹೇಳು, ದುಡಿಯೋ ವಿಷಯ ಕೇಳಿದರೆ ಮುಚ್ಚಿಡಬೇಡ. ಅಮ್ಮನಿಗೆ ಮಾತ್ರ ಅದು ಆಣೆ ಅಲ್ಲ ಅನ್ನೋದನ್ನೂ ಹೇಳಿಬಿಡು.’

ಅಧಿಕಾರಿ ನಾಲ್ಕು ನಿಮಿಷ ಕೇಳಿ ಮರೆಯುತ್ತಾರೆ. ತಾಯಿ ಅದೇ ಮಾತನ್ನು ನಂಬಿ ಹತ್ತು ವರ್ಷ ದಾರಿ ನೋಡುತ್ತಾಳೆ. ಒಂದೇ ಮಾತು ಒಂದು ಕಡೆ ಬರೀ ಉತ್ತರ, ಇನ್ನೊಂದು ಕಡೆ ಭಾಷೆ. ನಾನು ಮದುವೆಯ ದಿನ ಆಡಿದ ಮಾತು ಸುಳ್ಳಾಗದಿದ್ದದ್ದು, ಅದರ ಅರ್ಥ ಇಬ್ಬರಿಗೂ ಗೊತ್ತಿದ್ದರಿಂದ. ಜಗುಲಿಯ ಮೇಲೆ ಆಡಿದ ಮಾತಿನ ಅರ್ಥ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಅದನ್ನು ಕನ್ನಡಕ್ಕೆ ತಂದವಳು ನಾನೇ.

ಹುಡುಗಿ ಆ ರಾತ್ರಿಯೇ ಹೇಳಿದಳು. ತಾಯಿ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬಿಡಿಸಿದ ಹುಣಸೆಹಣ್ಣನ್ನು ಒಂದು ಡಬ್ಬಿಯಲ್ಲಿ ತಂದುಕೊಟ್ಟು, ‘ಯಾಕಕ್ಕ ಹೇಳ್ಸಿದ್ರಿ? ನಾನು ನಂಬ್ಕೊಂಡೇ ಇರ್ತಿದ್ನಲ್ಲ’ ಎಂದರು. ನನಗೆ ಉತ್ತರ ತೋಚಲಿಲ್ಲ.

ವೀಸಾ ಸಿಕ್ಕಿತು. ಆಗಸ್ಟಿನಲ್ಲಿ ಹೊರಟ ದಿನ ಅವಳು ಹೊಸಿಲು ದಾಟಿ ‘ಹೋಗಿ ಬರ್ತೀನಮ್ಮ’ ಎಂದಳು. ತಾಯಿ ‘ಹೂಂ, ಹೋಗ್ಬಾ’ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಈಗ ಫೋನಿನಲ್ಲಿ ‘ಯಾವಾಗ ಬತ್ತೀಯ’ ಎಂದು ಕೇಳುವುದಿಲ್ಲವಂತೆ. ‘ಊಟ ಆಯ್ತಾ, ಸಾಲ ಎಷ್ಟು ತೀರ್ತು’ ಎಂದಷ್ಟೇ ಕೇಳುತ್ತಾರಂತೆ. ಮಗಳೂ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಾಳಂತೆ. ನಾನು ಮಾಡಿದ್ದು ಸರಿಯೆಂದೇ ಈಗಲೂ ನನ್ನ ನಂಬಿಕೆ. ಆದರೂ ಅಡಿಗೆಮನೆಯಲ್ಲಿ ಸಾರಿಗೆ ಹುಣಸೆಹಣ್ಣು ನೆನೆಹಾಕುವಾಗ ಒಮ್ಮೊಮ್ಮೆ ಆ ತಾಯಿ ಕೇಳಿದ್ದು ನೆನಪಾಗುತ್ತದೆ. ಉತ್ತರ ಇನ್ನೂ ಸಿಕ್ಕಿಲ್ಲ.