ಪರ್ಜನ್ಯಲಕ್ಷಣವೂ ಪಂಚಾಂಗದ ಮಾತೂ

ಪ್ರತಿವರ್ಷ ಚೈತ್ರ ಶುದ್ಧ ಪ್ರತಿಪದೆಯಂದು ಶಾಖಾಮಠಗಳಲ್ಲಿ ಪಂಚಾಂಗಶ್ರವಣ ನಡೆಯುತ್ತದೆ. ಬೇವು-ಬೆಲ್ಲ ಸ್ವೀಕರಿಸಿ ಕುಳಿತ ಸಜ್ಜನರು ಆ ಸಂವತ್ಸರದ ರಾಜನಾರು, ಮಂತ್ರಿಯಾರು ಎಂಬುದನ್ನು ಅರೆಗಿವಿಯಿಂದ ಕೇಳುತ್ತಾರೆ. ಮೇಘಾಧಿಪತಿಯ ಹೆಸರು ಬಂದೊಡನೆ ಮಾತ್ರ ಎಲ್ಲರ ಗಮನ ಅತ್ತ ತಿರುಗುತ್ತದೆ. ಇದು ಸಹಜವೇ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ವಿಜಾಪುರ, ರಾಯಚೂರು, ಕಲಬುರ್ಗಿಗಳ ಕಡೆ ಇಂದಿಗೂ ಹೊಲವಿದೆ. ಅದನ್ನು ನೋಡಿಕೊಳ್ಳುವ ಅಣ್ಣನೋ ತಮ್ಮನೋ ಇದ್ದಾನೆ. ನಗರದ ಬೀದಿಯಲ್ಲಿ ನೀರು ನಿಂತಾಗ ‘ಈ ಮಳೆ ಸಾಕಪ್ಪಾ’ ಎನ್ನುವ ನಾಲಿಗೆಯೇ ಸಂಜೆ ಊರಿಗೆ ದೂರವಾಣಿ ಮಾಡಿ ‘ಮಳೆ ಬಂತೇ?’ ಎಂದು ಕೇಳುತ್ತದೆ.

ಭಕ್ತರು ಆಗಾಗ ನಮ್ಮ ಮುಂದಿಡುವ ಪ್ರಶ್ನೆಯೊಂದಿದೆ. ಪಂಚಾಂಗದಲ್ಲಿ ಸುವೃಷ್ಟಿಯೆಂದು ಓದಿದ ವರ್ಷ ಬರ ಬಿದ್ದರೆ ಶಾಸ್ತ್ರವು ಸುಳ್ಳಾದಂತಲ್ಲವೇ? ಸುಳ್ಳಾಗುವುದಾದರೆ ದೇವರ ಸನ್ನಿಧಿಯಲ್ಲಿ ಅದನ್ನು ಓದುವುದೇಕೆ? ಪ್ರಶ್ನೆಯಲ್ಲಿ ಅಶ್ರದ್ಧೆಯಿಲ್ಲ. ಇದನ್ನು ಪ್ರಮಾಣವಿಚಾರದ ನೆಲೆಯಲ್ಲಿಯೇ ನಾವು ಪರಿಶೀಲಿಸಬೇಕಾಗಿದೆ.

ಮೊದಲು, ಪಂಚಾಂಗವು ಹೇಳುವುದೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಸೂರ್ಯನು ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸುವ ದಿನ ಯಾವ ವಾರವೋ ಆ ವಾರದ ಅಧಿಪತಿಯೇ ಮೇಘಾಧಿಪತಿ. ಈಗ ಆ ಪ್ರವೇಶವು ಜೂನ್ 22ರ ಆಸುಪಾಸಿನಲ್ಲಿ ಬರುತ್ತದೆ. ಮಳೆಯ ಇಷ್ಟು ಭಾಗ ಸಮುದ್ರದಲ್ಲಿ, ಇಷ್ಟು ಪರ್ವತದಲ್ಲಿ, ಇಷ್ಟು ಭೂಮಿಯಲ್ಲಿ ಎಂಬ ಕೊಳಗದ ಲೆಕ್ಕವೂ ಇರುತ್ತದೆ. ಮಹಾರಾಷ್ಟ್ರದಲ್ಲಿರುವವರು ಪ್ರತಿಯೊಂದು ಮಳೆನಕ್ಷತ್ರಕ್ಕೂ ಒಂದು ವಾಹನವನ್ನು ಹೇಳುವುದನ್ನು ಕೇಳಿರಬಹುದು. ಕಪ್ಪೆ, ಎಮ್ಮೆ, ಆನೆ ಬಂದರೆ ಸಮೃದ್ಧ ಮಳೆಯೆಂದು ಅಲ್ಲಿಯ ರೂಢಿ. ಇವೆಲ್ಲವೂ ಇಡೀ ಸಂವತ್ಸರಕ್ಕೆ, ಇಡೀ ದೇಶಕ್ಕೆ ಒಟ್ಟಾಗಿ ಹೇಳಿದ ಸಾಮಾನ್ಯ ಫಲಗಳು. ಮುಂಬಯಿಯ ಮಳೆ ಜ್ಯೇಷ್ಠದಿಂದ ಭಾದ್ರಪದದವರೆಗಿನದು; ಚೆನ್ನೈಯ ಹೆಚ್ಚಿನ ಮಳೆಯಾದರೋ ಆಶ್ವಿನ ಕಳೆದ ಮೇಲೆ ಈಶಾನ್ಯದ ಗಾಳಿಯಿಂದ ಬರುವುದು. ಒಂದು ವಾರದ ಅಧಿಪತಿಯ ಹೆಸರಿನಿಂದ ಈ ಎರಡನ್ನೂ ನಿರ್ಣಯಿಸುತ್ತೇವೆಂದು ಹೊರಡುವುದು ಶಾಸ್ತ್ರಕ್ಕೆ ಗೌರವ ತೋರಿದಂತಲ್ಲ.

ವೃಷ್ಟಿವಿಚಾರದ ನಿಜವಾದ ಶ್ರಮ ಕಾಣಬೇಕಾದರೆ ವರಾಹಮಿಹಿರಾಚಾರ್ಯರ ಬೃಹತ್ಸಂಹಿತೆಯನ್ನು ನೋಡಬೇಕು. ಅವಂತಿದೇಶದ ಈ ವಿದ್ವಾಂಸರು ಪಂಚಸಿದ್ಧಾಂತಿಕೆಯ ಗಣಿತಕ್ಕೆ ಶಕ 427, ಅಂದರೆ ಕ್ರಿ.ಶ. 505ನ್ನು ಆರಂಭವಾಗಿ ಇಟ್ಟುಕೊಂಡವರು. ಬೃಹತ್ಸಂಹಿತೆಯಲ್ಲಿ ಮಳೆಗಾಗಿಯೇ ಅನೇಕ ಅಧ್ಯಾಯಗಳಿವೆ. ಮಳೆಯು ಆಷಾಢದಲ್ಲಿ ಹುಟ್ಟುವುದಲ್ಲ, ಅದಕ್ಕೆ ಬಹು ಮುಂಚೆಯೇ ಮೇಘಗಳು ಗರ್ಭ ಧರಿಸುತ್ತವೆ ಎಂಬುದು ಅವರ ಪ್ರಕ್ರಿಯೆ. ಮಾರ್ಗಶಿರ ಶುಕ್ಲಪಕ್ಷದಲ್ಲಿ ಚಂದ್ರನು ಪೂರ್ವಾಷಾಢಾ ನಕ್ಷತ್ರಕ್ಕೆ ಬಂದಂದಿನಿಂದ ಗರ್ಭಲಕ್ಷಣಗಳನ್ನು ಗಮನಿಸಬೇಕು. ಗರ್ಭ ನಿಂತ ದಿನದಿಂದ 195ನೆಯ ದಿನ ಪ್ರಸವ. ಶುಕ್ಲಪಕ್ಷದ ಗರ್ಭ ಕೃಷ್ಣಪಕ್ಷದಲ್ಲಿ ಸುರಿಯುವುದು, ಕೃಷ್ಣಪಕ್ಷದ್ದು ಶುಕ್ಲದಲ್ಲಿ. ಹಗಲಿನದು ರಾತ್ರಿಯಲ್ಲಿ, ರಾತ್ರಿಯದು ಹಗಲಿನಲ್ಲಿ. ಮಾಘ ಶುಕ್ಲದ ಗರ್ಭಕ್ಕೆ ಶ್ರಾವಣ ಕೃಷ್ಣ, ಮಾಘ ಕೃಷ್ಣದ್ದಕ್ಕೆ ಭಾದ್ರಪದ ಶುಕ್ಲ. ತಿಂಗಳಿಂದ ತಿಂಗಳಿಗೆ ಲಕ್ಷಣಗಳೂ ಬೇರೆ. ಮಾರ್ಗಶಿರದಲ್ಲಿ ಚಳಿ ಅತಿಯಾಗಬಾರದು. ಮಾಘದಲ್ಲಿ ಗಾಳಿ ಬಲವಾಗಿರಬೇಕು, ಚಳಿ ತೀವ್ರವಾಗಿರಬೇಕು. ವೈಶಾಖದಲ್ಲಿ ಮೋಡ, ಗಾಳಿ, ಮಿಂಚು, ಗುಡುಗು, ಮಳೆ ಎಲ್ಲವೂ ಕಾಣಬೇಕು. ನಡುವೆ ಉಲ್ಕಾಪಾತ, ಧೂಳಿನ ಮಳೆ, ಭೂಕಂಪಗಳಾದರೆ ಗರ್ಭ ಕೆಡುವುದು.

ಶ್ರೀಮದ್ಭಾಗವತದ ದಶಮಸ್ಕಂಧದ ಇಪ್ಪತ್ತನೆಯ ಅಧ್ಯಾಯದಲ್ಲಿಯೂ ಸೂರ್ಯನು ಎಂಟು ತಿಂಗಳು ಭೂಮಿಯ ಜಲವೆಂಬ ಧನವನ್ನು ಕಿರಣಗಳಿಂದ ಹೀರಿ, ಕಾಲ ಬಂದಾಗ ಹಿಂದಿರುಗಿಸಿಕೊಡುತ್ತಾನೆಂಬ ವರ್ಣನೆಯಿದೆ. ಮಳೆಗೆ ಬಹುಕಾಲದ ಪೂರ್ವಸಿದ್ಧತೆ ಇದೆಯೆಂಬ ಭಾವವು ನಮ್ಮ ಹಿರಿಯರಲ್ಲಿ ಎಷ್ಟು ಆಳವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಅಂಶವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಹಗಲಿರುಳು ಏಕಾಗ್ರಚಿತ್ತದಿಂದ ಗರ್ಭಲಕ್ಷಣಗಳನ್ನು ನೋಡುವ ದೈವಜ್ಞನ ಮಾತೇ ಮಳೆಯ ವಿಷಯದಲ್ಲಿ ಸುಳ್ಳಾಗದು ಎಂದು ವರಾಹಮಿಹಿರರು ಹೇಳುತ್ತಾರೆ. ಮನೆಯೊಳಗೆ ಕುಳಿತು ಲೆಕ್ಕ ಹಾಕಿದವನಿಗೆ ಈ ಮಾತು ಹೇಳಿಲ್ಲ. ಆರು ತಿಂಗಳು ಆಕಾಶ ನೋಡಿದವನಿಗೆ ಹೇಳಿದ ಮಾತದು. ನೋಡಿದರೆ ಸಾಲದು, ಅಳೆಯಬೇಕು ಎಂದೂ ಅವರ ವಿಧಿ. ಒಂದು ಹಸ್ತ ಅಗಲದ ಪಾತ್ರೆಯನ್ನು ಬಯಲಿನಲ್ಲಿಟ್ಟು, ಬಿದ್ದ ನೀರನ್ನು 50 ಪಲಕ್ಕೆ ಒಂದು ಆಢಕ, 4 ಆಢಕಕ್ಕೆ ಒಂದು ದ್ರೋಣದಂತೆ ಎಣಿಸಬೇಕು. ಅದಕ್ಕೂ ಮೊದಲೇ ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದ ಮುಂದೆ ಮಳೆ ಅಳೆಯುವ ಕುಂಡವನ್ನಿಡಿಸಿ, ಒಣಪ್ರದೇಶಕ್ಕೆ 16 ದ್ರೋಣ, ಅವಂತಿಗೆ 23 ದ್ರೋಣ ಎಂದು ಪ್ರದೇಶಭೇದವನ್ನು ತಿಳಿಸಿದೆ. ದೇಶಕ್ಕೆಲ್ಲ ಒಂದೇ ಫಲವೆಂದು ಅವರಾರೂ ಭಾವಿಸಿರಲಿಲ್ಲ.

ಒಡನೆ ಬರುವ ಮಳೆಗೆ ಬೇರೆಯೇ ಲಕ್ಷಣಗಳಿವೆ. ಉಪ್ಪು ಬೆವರುವುದು, ಮೀನು ನೀರಿನಿಂದ ಮೇಲಕ್ಕೆ ಹಾರುವುದು, ಹಸುಗಳು ಆಕಾಶ ನೋಡುವುದು, ಕಾರಣವಿಲ್ಲದೆ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಸಾಗುವುದು. ಇವುಗಳಲ್ಲಿ ಕೆಲವನ್ನು ನಮ್ಮ ಅಜ್ಜಿಯರೂ ಬಲ್ಲರು. ಅಡುಗೆಮನೆಯ ಉಪ್ಪಿನ ಭರಣಿ ತೇವಗೊಂಡರೆ ಅಂಗಳದ ಹಪ್ಪಳ ಒಳಗೆ ಬರುತ್ತಿತ್ತು!

ಈ ಇರುವೆಗಳ ಸಾಲು ಪ್ರಮಾಣಶಾಸ್ತ್ರದಲ್ಲಿಯೂ ಬರುವುದು ಸ್ವಾರಸ್ಯದ ಸಂಗತಿ. ಗೌತಮರ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿಯು ಅನುಮಾನವೇ ಪ್ರಮಾಣವಲ್ಲವೆಂದು ವಾದಿಸುತ್ತಾನೆ. ನದಿ ತುಂಬಿದ್ದನ್ನು ಕಂಡು ಮೇಲೆ ಮಳೆಯಾಯಿತೆನ್ನುತ್ತೀರಿ. ಯಾರೋ ಕಟ್ಟೆ ಹಾಕಿ ನೀರು ತಡೆದಿರಬಾರದೇಕೆ? ಇರುವೆಗಳು ಮೊಟ್ಟೆ ಹೊತ್ತದ್ದನ್ನು ಕಂಡು ಮಳೆ ಬರುವುದೆನ್ನುತ್ತೀರಿ; ಅವುಗಳ ಗೂಡನ್ನು ಯಾರೋ ಕೆದಕಿರಬಾರದೇಕೆ? ನವಿಲಿನ ಕೂಗನ್ನು ಮನುಷ್ಯನೇ ಅನುಕರಿಸಿರಬಾರದೇಕೆ? ಇದಕ್ಕೆ ಸಿದ್ಧಾಂತಿಯ ಉತ್ತರ ಹೀಗಿದೆ. ತುಂಬಿದ ನೀರು ಎಂಬಷ್ಟೇ ಹೇತುವಲ್ಲ. ನೊರೆ, ಎಲೆ, ಕಟ್ಟಿಗೆಗಳನ್ನು ಹೊತ್ತು ವೇಗವಾಗಿ ಬರುವ ವಿಶಿಷ್ಟವಾದ ಪ್ರವಾಹವೇ ಹೇತು. ಗೂಡು ಕೆಟ್ಟು ಚದುರಿದ ನಾಲ್ಕು ಇರುವೆಗಳು ಬೇರೆ, ತಾವಾಗಿ ಸಾಲುಗಟ್ಟಿ ಹೊರಟ ಇರುವೆಗಳು ಬೇರೆ. ವಿಶೇಷವನ್ನು ಗುರುತಿಸದೆ ಸಾಮಾನ್ಯವನ್ನೇ ಹೇತುವೆಂದು ಭ್ರಮಿಸಿದರೆ ಆ ದೋಷ ಅನುಮಾತೃವಿನದು, ಅನುಮಾನದ್ದಲ್ಲ.

ಶ್ರೀಮದಾನಂದತೀರ್ಥಭಗವತ್ಪಾದಾಚಾರ್ಯರು ಪ್ರಮಾಣಲಕ್ಷಣಗ್ರಂಥದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರಕ್ಕೂ ‘ನಿರ್ದೋಷ’ ಎಂಬ ಒಂದೇ ವಿಶೇಷಣವನ್ನು ಹಚ್ಚಿದ್ದಾರೆ. ಈ ಒಂದು ಪದದಲ್ಲಿ ಭಕ್ತರ ಪ್ರಶ್ನೆಗೆ ಸಮಾಧಾನವಿದೆ. ಮಳೆಯ ಮುನ್ಸೂಚನೆ ಎಂಬುದು ಯಾವ ಕಕ್ಷೆಗೆ ಸೇರಿದ್ದು? ವೇದವು ಅಪೌರುಷೇಯ, ಅದರಲ್ಲಿ ದೋಷಶಂಕೆಗೆ ಎಡೆಯಿಲ್ಲ. ಜ್ಯೋತಿಷವು ವೇದಾಂಗವೆಂಬುದು ನಿಜ. ಆದರೆ ಇಂಥ ಮೋಡ ಇಷ್ಟು ದಿನಕ್ಕೆ ಸುರಿಯುವುದು ಎಂಬ ನಿಯಮಗಳು ಪುರುಷರು ಕಂಡು, ಕೂಡಿಸಿ, ಬರೆದಿಟ್ಟವು. ಅವು ಅನುಮಾನಗಳು. ಲಿಂಗವು ನಿರ್ದೋಷವಾಗಿದ್ದರೆ, ನೋಡಿದ ಕಣ್ಣು ನಿರ್ದೋಷವಾಗಿದ್ದರೆ ಅವು ಪ್ರಮಾಣ, ಇಲ್ಲವಾದರೆ ಆಭಾಸ. ಪಂಚಾಂಗದ ವೃಷ್ಟಿಫಲ ತಪ್ಪಿದ ದಿನ ವೇದ ತಪ್ಪಿತೆಂದು ಕೊರಗುವವನೂ, ಅದು ಫಲಿಸಿದ ದಿನ ವೇದ ನಿಜವಾಯಿತೆಂದು ಹಿಗ್ಗುವವನೂ ಒಂದೇ ತಪ್ಪು ಮಾಡುತ್ತಿದ್ದಾರೆ. ವೇದಪ್ರಾಮಾಣ್ಯವು ಜೂನ್ ತಿಂಗಳ ಮೋಡವನ್ನು ಆಶ್ರಯಿಸಿ ನಿಂತಿಲ್ಲ.

ಈ ಎಚ್ಚರವನ್ನು ವರಾಹಮಿಹಿರರೇ ತೋರಿಸಿಕೊಟ್ಟಿದ್ದಾರೆ. ದಕ್ಷಿಣಾಯನವು ಆಶ್ಲೇಷೆಯ ಅರ್ಧದಿಂದ ಆರಂಭವಾಗುತ್ತಿತ್ತೆಂದು ಪೂರ್ವಶಾಸ್ತ್ರಗಳಲ್ಲಿತ್ತು. ತಮ್ಮ ಕಾಲದಲ್ಲಿ ಅದು ಕರ್ಕಾಟಕದ ಆದಿಯಲ್ಲಿದೆ, ಅದರಿಂದಲೂ ವ್ಯತ್ಯಾಸವಾದರೆ ಪ್ರತ್ಯಕ್ಷಪರೀಕ್ಷೆಯಿಂದ ತಿಳಿಯಬೇಕು ಎಂದು ಅವರು ಬರೆದರು. ವ್ಯತ್ಯಾಸವಾಗಿಯೇ ಇದೆ. ಅಯನಚಲನವು ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ನಡೆಯುತ್ತದೆ. ಅವರ ಕಾಲದಿಂದ ಈಚೆಗೆ ನಕ್ಷತ್ರಮಾಸಗಳಿಗೂ ಋತುಗಳಿಗೂ ಸುಮಾರು 3 ವಾರಗಳ ಅಂತರ ಬಿದ್ದಿದೆ. ಇಂದಿನ ಎಣಿಕೆಯಲ್ಲಿ ಹೇಳುವುದಾದರೆ ಆಗಿನ ಆರ್ದ್ರಾಪ್ರವೇಶ ಜೂನ್ ತಿಂಗಳ ಮೊದಲ ದಿನಗಳಲ್ಲಿತ್ತು. ಮಾರ್ಗಶಿರ, ಮಾಘಗಳೂ ಋತುವಿನೊಳಗೆ ಅಷ್ಟೇ ಸರಿದಿವೆ. ಹಳೆಯ ಲಕ್ಷಣಗಳನ್ನು ಇಂದಿಗೆ ಅನ್ವಯಿಸುವ ವಿದ್ವಾಂಸರು ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ‘ಆರಿದ್ರಾ ಮಳೆ ಬಂದರೆ ದಾರಿದ್ರ್ಯವಿಲ್ಲ’ ಎಂಬಂಥ ರೈತರ ಗಾದೆಗಳ ದಾರಿ ಬೇರೆ. ಅವು ಹೊಲದಲ್ಲಿ ಪರೀಕ್ಷೆಗೊಳ್ಳುತ್ತಲೇ ಬಂದ ಮಾತುಗಳು.

ಹವಾಮಾನ ಇಲಾಖೆಯ ಮುನ್ಸೂಚನೆ ತಪ್ಪಿದಾಗ ನಕ್ಕು ‘ನಮ್ಮ ಪಂಚಾಂಗವೇ ವಾಸಿ’ ಎನ್ನುವವರಿದ್ದಾರೆ. 2002ರಲ್ಲಿ ಸಾಧಾರಣ ಮಳೆಯೆಂದು ಇಲಾಖೆ ಹೇಳಿತ್ತು; ಋತು ಮುಗಿದಾಗ ದೇಶದಲ್ಲಿ ಸುಮಾರು ಶೇಕಡಾ 19ರಷ್ಟು ಕೊರತೆಯಾಗಿತ್ತು. ಆದರೆ ಆಮೇಲೆ ಅವರು ಮಾಡಿದ್ದೇನು? 16 ಲಕ್ಷಣಗಳನ್ನು ಕೂಡಿಸಿ 1988ರಿಂದ ಬಳಸುತ್ತಿದ್ದ ಸೂತ್ರವನ್ನು ಬಿಟ್ಟು 2003ರಲ್ಲಿ ಬೇರೆ ಸೂತ್ರಗಳನ್ನು ತಂದರು. ವ್ಯಭಿಚಾರ ಕಂಡ ಹೇತುವನ್ನು ತ್ಯಜಿಸುವುದೆಂದರೆ ಇದೇ. ನಮ್ಮ ಪಂಚಾಂಗಕರ್ತೃಗಳಲ್ಲಿ ಎಷ್ಟು ಜನ ಹಿಂದಿನ ವರ್ಷದ ವೃಷ್ಟಿಫಲವನ್ನು ಬಿದ್ದ ಮಳೆಯೊಡನೆ ಹೋಲಿಸಿ ನೋಡುತ್ತಾರೆ? ಕೇಳಲೇಬೇಕಾದ ಪ್ರಶ್ನೆ ಇದು. ಲಕ್ಷಣ ಕೂಡಿಬಂದರೂ ಮಳೆಯ ನಡಿಗೆ ಒಂದೇ ತೆರನಾಗಿರುವುದಿಲ್ಲ. 2025ರಲ್ಲಿ ಸೂರ್ಯನು ರೋಹಿಣಿಗೆ ಬಂದ ಮರುದಿನವೇ, ಮೇ 26ರಂದು, ಮುಂಗಾರು ಮುಂಬಯಿ ತಲುಪಿತು. ಅಲ್ಲಿ ಸಾಮಾನ್ಯವಾಗಿ ಅದು ಬರುವುದು ಜೂನ್ 11ರ ಸುಮಾರಿಗೆ.

ಹಾಗಾದರೆ ಲಕ್ಷಣಗಳೆಲ್ಲ ಕೂಡಿದರೂ ಮಳೆ ತಡೆಯುವುದೇಕೆ? ಇಲ್ಲಿಗೆ ಬಂದಾಗ ನಮ್ಮ ಸಿದ್ಧಾಂತದ ಮುಖ್ಯ ಪ್ರಮೇಯವೇ ಎದುರಾಗುತ್ತದೆ. ಗ್ರಹ, ನಕ್ಷತ್ರ, ಗಾಳಿ, ಮೋಡ ಎಲ್ಲವೂ ಅಸ್ವತಂತ್ರ. ಪರ್ಜನ್ಯನೆಂಬ ದೇವತೆಯೂ ಅಸ್ವತಂತ್ರನೇ. ತಾರತಮ್ಯದಲ್ಲಿ ತನ್ನ ಸ್ಥಾನದಲ್ಲಿ ನಿಂತು ಶ್ರೀಹರಿಯ ಆಜ್ಞೆಯನ್ನು ನಡೆಸುವವನು. ವಿಷ್ಣುಸಹಸ್ರನಾಮದಲ್ಲಿ ‘ಪರ್ಜನ್ಯ’ ಎಂಬುದು ಭಗವಂತನ ನಾಮವಾಗಿಯೇ ಬಂದಿದೆ. ಗೋಕುಲದ ಮೇಲೆ ಇಂದ್ರನು ಸುರಿಸಿದ ಮಳೆಗೆ ಮೋಡಗಳ ಕೊರತೆಯಿರಲಿಲ್ಲ. ಏಳು ದಿನ ಗೋವರ್ಧನವನ್ನು ಎತ್ತಿ ಹಿಡಿದವನ ಇಚ್ಛೆಯ ಮುಂದೆ ಅವು ಸೋತವು. ಗ್ರಹಗಳು ಫಲವನ್ನು ಸೂಚಿಸುತ್ತವೆ. ಫಲವನ್ನು ಕೊಡುವವನು ಅವನೊಬ್ಬನೇ. ಸೂಚಕನನ್ನೇ ದಾತೃವೆಂದು ತಿಳಿಯುವುದು ಅಂಚೆಯವನನ್ನೇ ಪತ್ರ ಬರೆದವನೆಂದು ತಿಳಿದಂತೆ.

ಇದರಿಂದ ಕೈಕಟ್ಟಿ ಕೂರಬೇಕೆಂದಾಗುವುದಿಲ್ಲ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಅನ್ನಕ್ಕೆ ಪರ್ಜನ್ಯನನ್ನೂ, ಪರ್ಜನ್ಯನಿಗೆ ಯಜ್ಞವನ್ನೂ, ಯಜ್ಞಕ್ಕೆ ಕರ್ಮವನ್ನೂ ಕಾರಣವಾಗಿ ಹೇಳಿ ಭಗವಂತನು ಒಂದು ಚಕ್ರವನ್ನು ತೋರಿಸಿದ್ದಾನೆ. ಆ ಚಕ್ರದಲ್ಲಿ ಮನುಷ್ಯನಿಗೂ ಪಾಲಿದೆ. ಊರಿನ ಕೆರೆಯ ಹೂಳು ಹಾಗೆಯೇ ಇರಲು ಬಿಟ್ಟು ಮಠದಲ್ಲಿ ಪರ್ಜನ್ಯಜಪಕ್ಕೆ ಕಾಣಿಕೆ ಕಳುಹಿಸಿದರೆ ಆ ಪಾಲು ಸಂದಂತಾಗದು. ಜಪವೂ ಬೇಕು, ಹೂಳೆತ್ತುವ ಕೂಲಿಯ ಹಣವೂ ಬೇಕು.

ಇನ್ನೊಂದು ಮಾತನ್ನು ನಾವು ಕಟುವಾಗಿಯೇ ಹೇಳಬೇಕಾಗಿದೆ. ಯುಗಾದಿಯ ಶ್ರವಣ ಮುಗಿಸಿ ಊರಿಗೆ ದೂರವಾಣಿ ಮಾಡಿ, ‘ಈ ಸಲ ಮೇಘಾಧಿಪತಿ ಒಳ್ಳೆಯವನು, ಮೊದಲ ಮಳೆಗೇ ಬಿತ್ತಿಬಿಡು’ ಎಂದು ತಮ್ಮನಿಗೆ ಸಲಹೆ ಕೊಡುವವರು ಯೋಚಿಸಬೇಕು. ಸಾಲದ ಬೀಜವನ್ನು ಬಿತ್ತಿ, ಮಳೆ ತಡೆದು ಮೊಳಕೆ ಒಣಗಿದರೆ ಎರಡನೆಯ ಬಿತ್ತನೆಗೆ ಮತ್ತೆ ಸಾಲ ಮಾಡುವವನು ಅವನು. ತಿಂಗಳ ಸಂಬಳದವರಾದ ನಮಗೆ ಆ ನಷ್ಟದ ಬಿಸಿ ತಾಗದು. ಪಂಚಾಂಗದ ವೃಷ್ಟಿಫಲವನ್ನು ಭಗವಂತನಲ್ಲಿ ಮಳೆಯ ಪ್ರಾರ್ಥನೆಯ ಆರಂಭವೆಂದು ಕೇಳಬೇಕು. ಬಿತ್ತನೆಯ ನಿರ್ಣಯವನ್ನು ನೆಲದ ಹದ ನೋಡಿದ ರೈತನಿಗೂ, ಆ ವಾರದ ಹವಾಮಾನ ವರದಿಗೂ ಬಿಡಬೇಕು.

ಶಾಸ್ತ್ರದಲ್ಲಿ ನಿಜವಾದ ಆಸಕ್ತಿಯುಳ್ಳ ಭಕ್ತರಿಗೆ ಒಂದು ಕಾರ್ಯವನ್ನು ಸೂಚಿಸುತ್ತೇವೆ. ಬರುವ ಮಾರ್ಗಶಿರ ಶುಕ್ಲಪಕ್ಷದಿಂದ ವೈಶಾಖದವರೆಗೆ ಪ್ರಾತಃಸಂಧ್ಯೆ, ಸಾಯಂಸಂಧ್ಯೆಗಳ ಅರ್ಘ್ಯಕಾಲದಲ್ಲಿ ಹೇಗೂ ಆಕಾಶದತ್ತ ಮುಖ ಮಾಡಿ ನಿಲ್ಲುತ್ತೀರಿ. ಆಗ ಕಂಡ ಮೋಡ, ಗಾಳಿಯ ದಿಕ್ಕು, ಪರಿವೇಷ, ಚಳಿ ಇವುಗಳನ್ನು ತಿಥಿ-ನಕ್ಷತ್ರಗಳೊಡನೆ ಪುಸ್ತಕದಲ್ಲಿ ಬರೆದಿಡಿ. ಗರ್ಭಲಕ್ಷಣ ಕಂಡ ದಿನದಿಂದ 195 ದಿನ ಎಣಿಸಿ, ಆ ದಿನಾಂಕವನ್ನೂ ಮೊದಲೇ ಬರೆದಿಡಿ. ಮಳೆಗಾಲದಲ್ಲಿ ಆ ದಿನ ಮನೆಯ ಮೇಲೆ ಪಾತ್ರೆಯಿಟ್ಟು ಅಳೆಯಿರಿ. ಬಂದರೂ ಬರೆಯಿರಿ, ಬಾರದಿದ್ದರೂ ಬರೆಯಿರಿ. ನಾಲ್ಕೈದು ವರ್ಷಗಳ ಪುಸ್ತಕಗಳು ಸೇರಿದಾಗ ಮಠಕ್ಕೆ ತಂದುಕೊಟ್ಟರೆ ವಿದ್ವಾಂಸರೊಡನೆ ಕುಳಿತು ಪರಿಶೀಲಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥