ಮೊದಲ ಸುತ್ತು ಯಾರದು?

ಹಳೆಯ ಟಿವಿಎಸ್ 50 ಗಾಡಿಯ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಎಂಜಿನ್ ತಿರುಗಿದರೆ ಮ್ಯಾಗ್ನೆಟ್ ತಿರುಗುತ್ತದೆ, ಮ್ಯಾಗ್ನೆಟ್ ತಿರುಗಿದರೆ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ, ಕರೆಂಟ್ ಹುಟ್ಟಿದರೆ ಪ್ಲಗ್ಗಿನಲ್ಲಿ ಕಿಡಿ, ಕಿಡಿ ಹಾರಿದರೆ ಎಂಜಿನ್ ತಿರುಗುತ್ತದೆ. ಹಾಗಾದರೆ ಶುರು ಎಲ್ಲಿಂದ? ಪೆಡಲ್ ಮೇಲಿನ ಕಾಲಿನಿಂದ. ಮೊದಲ ಸುತ್ತನ್ನು ಸವಾರ ಸಾಲ ಕೊಡುತ್ತಾನೆ. ಆಮೇಲೆ ಗಾಡಿ ತನ್ನ ಕಿಡಿಯನ್ನು ತಾನೇ ದುಡಿದುಕೊಳ್ಳುತ್ತದೆ.

1980ರಲ್ಲಿ ಹೊಸೂರಿನಿಂದ ಹೊರಟ ಈ ಗಾಡಿಯೂ ಅದರ ತಮ್ಮಂದಿರೂ ಸೇಡಂ, ಚಿತ್ತಾಪುರದ ಕಡೆ ಹಾಲಿನ ಕ್ಯಾನು, ತೊಗರಿ ಚೀಲ, ಸಂತೆಯ ಸಾಮಾನು ಹೊತ್ತಿವೆ. ವಾಡಿಯ ಸಿಮೆಂಟಿನ ಪುಡಿ, ಶಹಾಬಾದಿನಲ್ಲಿ ಫರ್ಸಿ ಕಲ್ಲು ಕೊಯ್ಯುವಾಗ ಏಳುವ ಧೂಳು ಏರ್ ಫಿಲ್ಟರ್ ದಾಟಿ ಒಳಹೋದರೆ ಬೋರನ್ನು ಮೆಲ್ಲಗೆ ಸವೆಸುತ್ತದೆ. ಮೀನುಗಳೇ ಹುಟ್ಟದಿದ್ದ ಕಾಲದ ಸಮುದ್ರದ ತಳ ಈ ಎರಡಕ್ಕೂ ಮೂಲವಾದ ಸುಣ್ಣಗಲ್ಲು. ಉರಿಯುವ ಪೆಟ್ರೋಲೂ ಹೆಚ್ಚಾಗಿ ಕಡಲಿನ ಸೂಕ್ಷ್ಮಜೀವಿಗಳಿಂದಲೇ ಬಂದದ್ದು. ಎರಡು ಕಡಲುಗಳು ಐವತ್ತು ಸಿಸಿಯ ಸಿಲಿಂಡರಿನಲ್ಲಿ ಭೇಟಿಯಾಗುತ್ತವೆ, ಸ್ನೇಹದಿಂದಲ್ಲ.

ಎಂಜಿನ್ ಬಿಚ್ಚಿದರೆ ಪಿಸ್ಟನ್, ರಿಂಗು, ಕಾರ್ಬನ್ನು ಎಲ್ಲರ ಕಣ್ಣಿಗೂ ಬೀಳುತ್ತವೆ. ಬೋರ್ ಸವೆದಿದ್ದರೆ ಲೇಥ್‌ಗೆ ಒಯ್ದು ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದರಾಯಿತು. ಕಾಡುವುದು ಕ್ರ್ಯಾಂಕಿನ ಆಯಿಲ್ ಸೀಲ್. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಒತ್ತಿಸಿಕೊಂಡು ಮೇಲೇರಬೇಕು. ಸೀಲ್ ಸೋರಿದರೆ ಆ ಒತ್ತಡವೇ ಹುಟ್ಟುವುದಿಲ್ಲ. "ಕರೆಂಟ್ ಬರ್ಲಕತ್ತದ ನೋಡ್ರಿ, ಆದ್ರ ಗಾಡಿ ಚಾಲೂ ಆಗವಲ್ದು" ಎಂದು ಮಿಸ್ತ್ರಿ ತಲೆ ಕೆರೆದುಕೊಳ್ಳುವುದು ಇಂಥಲ್ಲಿಯೇ.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಮಾತ್ರ ಪಾಯಿಂಟು. ಎರಡು ಪುಟ್ಟ ಲೋಹದ ತುದಿಗಳು. ಪೂರ್ತಿ ತೆರೆದಾಗಲೂ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅವು ಕೂಡಿದಾಗ ಕಿಡಿ ಹಾರುತ್ತದೆಂದು ಯಾರಾದರೂ ಎಣಿಸಿಯಾರು. ಹಾರುವುದು ಅಗಲಿದಾಗ! ಹರಿಯುತ್ತಿದ್ದ ಕರೆಂಟ್ ತಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತವೇ ಸಾವಿರಾರು ಸುತ್ತಿನ ಸಣ್ಣ ತಂತಿಯಲ್ಲಿ ಹತ್ತು ಸಾವಿರ ವೋಲ್ಟ್ ದಾಟಿಸುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಕಿಡಿ. 1831ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಸರ್ಕ್ಯೂಟನ್ನು ಕೂಡಿಸುವಾಗಲೂ ಕಡಿಯುವಾಗಲೂ ಇನ್ನೊಂದು ತಂತಿಸುರುಳಿಗೆ ಜೋಡಿಸಿದ ಮಾಪಕದ ಮುಳ್ಳು ಮಿಸುಕಿದ್ದನ್ನು ಕಂಡ. ಅದೇ ಮಿಸುಕಾಟ ಚಿಂಚೋಳಿಯ ಏರಿನಲ್ಲಿ ಎರಡು ಚೀಲ ಜೋಳ ಎಳೆಯುತ್ತದೆ. ತಿಳಿದುಕೊಂಡರೆ ಬೆರಗು ಕರಗುತ್ತದೆ ಎನ್ನುವವರು ಗಾಡಿ ಬಿಚ್ಚಿರಲಾರರು.

ಈಗ ಪಾಯಿಂಟ್ ತೆಗೆದು, ಅದೇ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವ ಸಿಡಿಐ ಕೂರಿಸುತ್ತಾರೆ. 6 ವೋಲ್ಟಿನ ಲೈಟ್ ಕಾಯಿಲ್‌ಗೆ ಸಣ್ಣ ತಂತಿಯ ಸುತ್ತು ಹೆಚ್ಚಿಸಿ 12 ಮಾಡುತ್ತಾರೆ; ಅಷ್ಟೇ ವ್ಯಾಟಿಗೆ ಅರ್ಧ ಕರೆಂಟ್ ಸಾಕು, ವೈರಿನಲ್ಲಿ ಸೋರುವುದು ಕಾಲುಭಾಗಕ್ಕಿಳಿಯುತ್ತದೆ. ರೆಗ್ಯುಲೇಟರ್ ಮರೆತರೆ ಮಾತ್ರ ರೇಸ್ ಕೊಟ್ಟೊಡನೆ ಬಲ್ಬ್ ಹೋಗುತ್ತದೆ. ಒಳ್ಳೆಯ ಬದಲಾವಣೆಯೇ, ಮಳೆಗಾಲದಲ್ಲಂತೂ. ಆದರೆ ಪಾಯಿಂಟನ್ನು ಮಿಸ್ತ್ರಿ ಪಾಲಿಶ್ ಕಾಗದದಿಂದ ತಿಕ್ಕಿ ಬದುಕಿಸುತ್ತಿದ್ದ. ಸಿಡಿಐ ಅರಗು ತುಂಬಿದ ಡಬ್ಬಿ. ಕೆಟ್ಟರೆ ಎಸೆದು ಹೊಸದು.

ಹೊಸ ಮೊಪೆಡ್‌ಗಳಿಗೆ ಸೆಲ್ಫ್ ಸ್ಟಾರ್ಟ್ ಬಂದಿದೆ. ಇವತ್ತಿನ ಮೊದಲ ಸುತ್ತನ್ನು ನಿನ್ನೆಯ ಓಟ ಬ್ಯಾಟರಿಯಲ್ಲಿ ಕೂಡಿಟ್ಟಿರುತ್ತದೆ. ನಿನ್ನೆಗಿಂತ ಹಿಂದಕ್ಕೆ ಹೋದರೆ ಎಲ್ಲೋ ಒಂದು ಚಾರ್ಜರ್, ಅದರ ಹಿಂದೆ ವಿದ್ಯುತ್ ಕೇಂದ್ರ. ರಾಯಚೂರಿನ ಶಕ್ತಿನಗರದಲ್ಲಿರುವಂಥ ಕಲ್ಲಿದ್ದಲ ಕೇಂದ್ರ ಪೂರ್ತಿ ನಿಂತರೆ ಅದರ ಪಂಪು, ಫ್ಯಾನು, ಕಲ್ಲಿದ್ದಲು ಅರೆಯುವ ಗಿರಣಿಗಳಿಗೇ ಹೊರಗಿನಿಂದ ಕರೆಂಟ್ ಬೇಕು. ಇಡೀ ಗ್ರಿಡ್ ಮಲಗಿದ ದಿನ ಅದನ್ನು ಕೊಡುವುದು ಸಾಮಾನ್ಯವಾಗಿ ಜಲವಿದ್ಯುತ್ ಕೇಂದ್ರ. ಆ ಜಲವಿದ್ಯುತ್ ಕೇಂದ್ರವನ್ನು ಎಬ್ಬಿಸುವುದಕ್ಕೆ ಅಲ್ಲೊಂದು ಡೀಸೆಲ್ ಎಂಜಿನ್ ಇಟ್ಟಿರುತ್ತಾರೆ.